ಕ್ಯಾಸಿನಿಯನ್ನು ಎಲ್ಲಿ ಮುಗಿಸಬೇಕಿತ್ತು? ಶನಿಯ ಅಂಗಳದಲ್ಲಿದ್ದ ದಾರಿಗಳ ಹೋಲಿಕೆ

ಚೆನ್ನಾಗಿ ಕೆಲಸ ಮಾಡುತ್ತಿದ್ದ ನೌಕೆಯನ್ನು ಬೇಕಂತಲೇ ಶನಿಯೊಳಗೆ ಬೀಳಿಸಿ ಸುಟ್ಟಿದ್ದು ಯಾಕೆ? 13 ವರ್ಷ ಶನಿಯನ್ನು ಸುತ್ತಿ ನೋಡಿದ ಕ್ಯಾಸಿನಿ ನೌಕೆಯ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಸುಮ್ನೆ ಸುತ್ತುತ್ತಾ ಇರಲಿ ಅಂತ ಬಿಡಬಹುದಿತ್ತಲ್ವಾ? ಯುರೇನಸ್ ಕಡೆಗೆ ಕಳಿಸಬಹುದಿತ್ತಲ್ವಾ? ಯಾವುದಾದರೂ ಚಂದ್ರನಿಗೆ ಡಿಕ್ಕಿ ಹೊಡೆಸಿ ಏನಾಗುತ್ತದೆ ಅಂತ ನೋಡಬಹುದಿತ್ತಲ್ವಾ?

ಒಳ್ಳೆಯ ಪ್ರಶ್ನೆಗಳೇ. ಯೋಜನೆಯ ತಂಡ ಕೂಡ ಕೊನೆ ದಿನ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಈ ಎಲ್ಲ ದಾರಿಗಳ ಲೆಕ್ಕ ಹಾಕಿತ್ತು. ಆ ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಈ ಬರಹದ ಕೆಲಸ. ದೂರದ ಗ್ರಹವೊಂದರ ಸುತ್ತ ಇಂಧನ ಮುಗಿಯುತ್ತಿರುವ ಯಾವ ನೌಕೆಗಾದರೂ ಇದೇ ರೀತಿ ಯೋಚಿಸಬಹುದು.

ಮೊದಲು ಕೈಯಲ್ಲಿ ಏನಿತ್ತು ಅಂತ ನೋಡೋಣ

ಕ್ಯಾಸಿನಿ ಭೂಮಿ ಬಿಟ್ಟಿದ್ದು 1997ರ ಅಕ್ಟೋಬರ್ 15ರಂದು. ಶನಿ ತಲುಪಿದ್ದು 2004ರ ಜುಲೈ 1ರಂದು. ಹೊರಡುವಾಗ ಅದರ ತೂಕ ಸುಮಾರು 5,600 ಕಿಲೋ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಧನವೇ. ಶನಿಯ ಸುತ್ತ ನಿಲ್ಲಲು ದೊಡ್ಡ ಎಂಜಿನ್ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಉರಿಯಿತು. ಅಲ್ಲೇ ದೊಡ್ಡ ಪಾಲು ಖರ್ಚಾಯಿತು. ಆಮೇಲೆ ನಾಲ್ಕು ವರ್ಷ ಕೆಲಸ ಮಾಡಿದರೆ ಸಾಕು ಅಂದುಕೊಂಡಿದ್ದ ನೌಕೆಗೆ ಎರಡು ಸಲ ಅವಧಿ ಹೆಚ್ಚಿಸಿದರು. ಅದು 2017ರವರೆಗೂ ಬಂತು.

ಕರೆಂಟಿಗೆ ಕೊರತೆ ಇರಲಿಲ್ಲ. ಪ್ಲುಟೋನಿಯಂ ಶಾಖದಿಂದ ವಿದ್ಯುತ್ ಕೊಡುವ ಮೂರು ಘಟಕಗಳು ನಿಧಾನವಾಗಿ ಸೊರಗುತ್ತಿದ್ದರೂ ಕೆಲಸಕ್ಕೆ ಸಾಕಾಗುತ್ತಿತ್ತು. ಹೆಚ್ಚಿನ ಉಪಕರಣಗಳೂ ಚೆನ್ನಾಗಿದ್ದವು. ಮುಗಿಯುತ್ತಿದ್ದದ್ದು ಇಂಧನ. ಎಷ್ಟು ಉಳಿದಿದೆ ಅನ್ನುವುದು ಕೂಡ ಖರ್ಚಿನ ಲೆಕ್ಕ ಹಿಡಿದು ಮಾಡಿದ ಅಂದಾಜು. ಇಂಧನ ಪೂರ್ತಿ ಮುಗಿದರೆ ದಾರಿ ತಿದ್ದಲು ಆಗುವುದಿಲ್ಲ. ನೌಕೆಯ ಮೇಲಿನ ಹಿಡಿತವೇ ತಪ್ಪುತ್ತದೆ.

ಇಂಧನ ಇಷ್ಟು ಕಡಿಮೆ ಇದ್ದರೂ ಇಷ್ಟೊಂದು ದಾರಿಗಳು ಎಲ್ಲಿಂದ ಬಂದವು? ಟೈಟನ್‌ನಿಂದ. ಶನಿಯ ಈ ದೊಡ್ಡ ಚಂದ್ರನೇ ಕ್ಯಾಸಿನಿಯ ನಿಜವಾದ ಎಂಜಿನ್. ಅದರ ಹತ್ತಿರ ಹಾದುಹೋಗುವಾಗ ಅದರ ಗುರುತ್ವ ನೌಕೆಯ ದಾರಿಯನ್ನು ಬಲವಾಗಿ ತಿರುಗಿಸುತ್ತದೆ. ಸರಿಯಾದ ಜಾಗದಲ್ಲಿ ಹಾದುಹೋಗಲು ಸ್ವಲ್ಪವೇ ಸ್ವಲ್ಪ ಇಂಧನ ಸಾಕು. ಉಳಿದ ಕೆಲಸ ಟೈಟನ್‌ದು. 13 ವರ್ಷಗಳಲ್ಲಿ ಕ್ಯಾಸಿನಿ ಹೀಗೆ 127 ಸಲ ಟೈಟನ್ ಪಕ್ಕ ಹಾದಿದೆ.

ಇನ್ನು ಅಪಾಯದ ವಿಷಯ. 2005ರಲ್ಲಿ ಕ್ಯಾಸಿನಿಯೇ ಎನ್ಸೆಲಡಸ್ ಎಂಬ ಚಿಕ್ಕ ಚಂದ್ರನ ದಕ್ಷಿಣ ತುದಿಯಿಂದ ನೀರಿನ ಆವಿ ಮತ್ತು ಹಿಮದ ಕಣಗಳು ಚಿಮ್ಮುವುದನ್ನು ಕಂಡುಹಿಡಿಯಿತು. ಬರೀ 500 ಕಿಲೋಮೀಟರ್ ಅಗಲದ ಚಂದ್ರ ಅದು. ಹಿಮದ ಅಡಿಯಲ್ಲಿ ಉಪ್ಪುನೀರಿನ ಸಾಗರ ಇದೆ ಅಂತ ಆಮೇಲೆ ಖಚಿತವಾಯಿತು. 2015ರ ಅಕ್ಟೋಬರ್‌ನಲ್ಲಿ ಆ ಚಿಲುಮೆಯೊಳಗೇ ನುಗ್ಗಿ ಹಾದಾಗ ಹೈಡ್ರೋಜನ್ ಕೂಡ ಸಿಕ್ಕಿತು. ಸಾಗರದ ತಳದಲ್ಲಿ ಬಿಸಿ ನೀರು ಮತ್ತು ಬಂಡೆ ಸೇರುವ ಜಾಗಗಳಿವೆ ಅನ್ನುವುದಕ್ಕೆ ಅದು ಸುಳಿವು. ಜೀವ ಇರಬಹುದಾದ ಜಾಗ ಅಂದರೆ ಇಂಥದ್ದೇ. ಕ್ಯಾಸಿನಿಯನ್ನು ಅಂಥ ಜಾಗಕ್ಕೆ ತಾಗುವಷ್ಟು ಶುಚಿ ಮಾಡಿ ಕಟ್ಟಿರಲಿಲ್ಲ. ಭೂಮಿಯ ಸೂಕ್ಷ್ಮಜೀವಿಗಳು ಅದರ ಮೂಲೆ ಮೂಲೆಯಲ್ಲಿ ಉಳಿದಿರಬಹುದು. ಬೇರೆ ಲೋಕಗಳನ್ನು ಮಲಿನ ಮಾಡಬಾರದು ಅಂತ 1967ರ ಬಾಹ್ಯಾಕಾಶ ಒಪ್ಪಂದವೇ ಹೇಳುತ್ತದೆ. ಒಪ್ಪಂದ ಇರದಿದ್ದರೂ ಆ ನೀರನ್ನು ಕೆಡಿಸುವ ಹಕ್ಕು ನಮಗಿಲ್ಲ ಅಂತಲೇ ನಾನು ಹೇಳುತ್ತೇನೆ. ಅಲ್ಲಿ ನಾಳೆ ಯಾರಾದರೂ ಜೀವ ಹುಡುಕಲು ಹೋದಾಗ, ಸಿಕ್ಕಿದ್ದು ಅಲ್ಲಿಯದೋ ನಾವೇ ಬಿಟ್ಟುಬಂದದ್ದೋ ಅನ್ನುವ ಗೊಂದಲ ಬರಬಾರದು.

ಹಾಗಾಗಿ ಪ್ರತಿ ದಾರಿಗೂ ಮೂರು ಪ್ರಶ್ನೆ ಕೇಳಬೇಕು. ಚಂದ್ರಗಳು ಸುರಕ್ಷಿತವೇ? ಹೊಸದಾಗಿ ಏನು ಗೊತ್ತಾಗುತ್ತದೆ? ನಡುವೆ ನೌಕೆ ಮೂಕವಾದರೆ ಕಥೆ ಏನು? ಮೂರನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ನನ್ನ ಪ್ರಕಾರ ತೀರ್ಮಾನ ಮಾಡುವುದು ಅದೇ. 20 ವರ್ಷ ಹಳೆಯ ಯಂತ್ರ ಯಾವ ದಿನ ಬೇಕಾದರೂ ಕೈಕೊಡಬಹುದು. ಅದು ಕೈಕೊಟ್ಟ ಮೇಲೂ ತಾನಾಗಿ ಪೂರ್ತಿಯಾಗುವ ಯೋಜನೆ ಬೇಕು.

ಸುತ್ತುತ್ತಾ ಇರಲಿ ಬಿಡಿ ಅನ್ನುವ ದಾರಿ

ಕೇಳಲು ಹಿತ. ಟೈಟನ್‌ನ ಆಚೆಗೋ, ಇನ್ನೂ ದೂರ ಫೀಬಿ ಎಂಬ ಚಂದ್ರನ ಆಚೆಗೋ ಒಂದು ಸ್ಥಿರ ಕಕ್ಷೆ ನೋಡಿ ನೌಕೆಯನ್ನು ಅಲ್ಲಿ ನಿಲ್ಲಿಸುವುದು. ಸುಡುವ ಸಂಕಟ ಇಲ್ಲ.

ಆದರೆ ಅಲ್ಲಿಂದ ಉಂಗುರಗಳೂ ದೂರ, ಎನ್ಸೆಲಡಸ್ ಕೂಡ ದೂರ. ನೋಡಲು ಸಿಗುವುದು ಹೆಚ್ಚಾಗಿ ಈಗಾಗಲೇ ನೋಡಿದ್ದೇ. ಫೀಬಿಯ ಆಚೆ ಹೋಗಲು ಹಲವು ವರ್ಷ ಬೇಕು. ನೌಕೆಯ ಜೊತೆ ಮಾತಾಡುತ್ತಾ ಇರಲು ಭೂಮಿಯ ದೊಡ್ಡ ಆಂಟೆನಾಗಳ ಸಮಯವೂ ಬೇಕು, ಜನರೂ ಬೇಕು. ಮೂರನೆಯ ಪ್ರಶ್ನೆಗೆ ಉತ್ತರ ಇನ್ನೂ ಕಷ್ಟ. ಶನಿ, ಅದರ ಚಂದ್ರಗಳು, ಸೂರ್ಯ ಎಲ್ಲ ಸೇರಿ ಎಳೆಯುವಾಗ ನೂರಾರು ವರ್ಷಗಳಲ್ಲಿ ಕಕ್ಷೆ ಎಲ್ಲಿಗೆ ಜಾರುತ್ತದೆ ಅಂತ ಗ್ಯಾರಂಟಿ ಕೊಡುವುದು ಸುಲಭವಲ್ಲ. ತಿದ್ದೋಣ ಅಂದರೆ ಆ ಹೊತ್ತಿಗೆ ಇಂಧನವೂ ಇಲ್ಲ, ಸಂಪರ್ಕವೂ ಇಲ್ಲ. ಈ ದಾರಿಯಲ್ಲಿ ಸಮಸ್ಯೆಯನ್ನು ಮುಂದೂಡಿದಂತೆ ಆಗುತ್ತದೆ, ಅಷ್ಟೇ.

ಶನಿಯನ್ನೇ ಬಿಟ್ಟು ಹೋಗುವ ದಾರಿ

ಆಸೆ ಹುಟ್ಟಿಸುವ ದಾರಿ ಇದು. ಟೈಟನ್‌ನ ಎಳೆತವನ್ನು ಸರಿಯಾಗಿ ಬಳಸಿಕೊಂಡರೆ ಶನಿಯ ಹಿಡಿತದಿಂದಲೇ ಹೊರಗೆ ಚಿಮ್ಮಬಹುದು. ಅಲ್ಲಿಂದ ಗುರು, ಯುರೇನಸ್, ನೆಪ್ಚೂನ್ ಅಥವಾ ದೊಡ್ಡ ಗ್ರಹಗಳ ನಡುವೆ ಸುತ್ತುವ ಸೆಂಟಾರ್ ಎಂಬ ಪುಟ್ಟ ಕಾಯಗಳ ಕಡೆಗೆ ಹೋಗಬಹುದು. ಯುರೇನಸ್ ಹತ್ತಿರ ಹೋದದ್ದು ಒಂದೇ ನೌಕೆ, ವಾಯೇಜರ್ 2. ಅದೂ 1986ರಲ್ಲಿ. ಅಷ್ಟು ಒಳ್ಳೆಯ ಕ್ಯಾಮೆರಾಗಳಿರುವ ಕ್ಯಾಸಿನಿ ಅಲ್ಲಿಗೆ ಹೋಗಿದ್ದರೆ ಅಂತ ಯಾರಿಗಾದರೂ ಅನಿಸುತ್ತದೆ.

ಆದರೆ ಸಮಯ ನೋಡಿ. ಗುರುವಿಗೆ ಸುಮಾರು 12 ವರ್ಷ. ಯುರೇನಸ್‌ಗೆ ಸುಮಾರು 20. ನೆಪ್ಚೂನ್‌ಗೆ ಸುಮಾರು 40. ನಾಲ್ಕು ವರ್ಷದ ಕೆಲಸಕ್ಕೆ ಅಂತ ಕಟ್ಟಿದ ನೌಕೆ ಅದು. ದಿಕ್ಕು ಹಿಡಿದು ನಿಲ್ಲಿಸುವ ಅದರ ಚಕ್ರಗಳಲ್ಲಿ ಒಂದು ಮೊದಲೇ ತೊಂದರೆ ಕೊಟ್ಟು, ಅದರ ಜಾಗಕ್ಕೆ ಬಿಡಿ ಚಕ್ರವನ್ನು ಹಾಕಿ ನಡೆಸುತ್ತಿದ್ದರು. ಅದು ಇನ್ನೂ 20 ವರ್ಷ ಬದುಕಿ ಯುರೇನಸ್ ಮುಟ್ಟಿತು ಅಂದುಕೊಳ್ಳಿ. ಅಲ್ಲಿ ನಿಲ್ಲಲು ಬ್ರೇಕ್ ಹಾಕುವಷ್ಟು ಇಂಧನ ಇಲ್ಲ. ವಾಯೇಜರ್‌ನಂತೆಯೇ ಒಂದು ಸಲ ಪಕ್ಕದಲ್ಲಿ ಹಾದುಹೋಗಬೇಕು, ಮುಗಿಯಿತು. ಹಳೆಯ ಉಪಕರಣಗಳ ಮೇಲೆ 20 ವರ್ಷದ ಪಣ ಕಟ್ಟಿ ಒಂದೇ ಒಂದು ಭೇಟಿ. ಶನಿಯಲ್ಲೇ ಇದ್ದರೆ ಅದೇ ಇಂಧನದಲ್ಲಿ ಎಷ್ಟು ಸಿಗುತ್ತದೆ ಅಂತ ಮುಂದೆ ನೋಡಿದಾಗ ಈ ಆಸೆ ತಾನಾಗಿ ಇಳಿಯುತ್ತದೆ.

ಚಂದ್ರಗಳ ರಕ್ಷಣೆಯ ಲೆಕ್ಕದಲ್ಲಿ ಮಾತ್ರ ಇದು ಒಳ್ಳೆಯ ದಾರಿಯೇ. ಒಮ್ಮೆ ಆಚೆ ಹೋದ ನೌಕೆ ಎನ್ಸೆಲಡಸ್‌ಗೆ ತೊಂದರೆ ಕೊಡುವುದಿಲ್ಲ. ಯಾವ ಗ್ರಹಕ್ಕೂ ಹೋಗದೆ ಬರೀ ಸೂರ್ಯನ ಸುತ್ತ ತಿರುಗುವ ದಾರಿಯೂ ಇತ್ತು. ಅದರಲ್ಲಿ ಸೌರಮಾರುತದ, ಅಂದರೆ ಸೂರ್ಯನಿಂದ ಹೊಮ್ಮುವ ಕಣಗಳ ಹರಿವಿನ ಅಳತೆ ಬಿಟ್ಟರೆ ಮತ್ತೇನೂ ಸಿಗುತ್ತಿರಲಿಲ್ಲ.

ಚಂದ್ರನಿಗೋ ಉಂಗುರಕ್ಕೋ ಡಿಕ್ಕಿ

ಇದು ಅಗ್ಗ, ಸುಲಭ, ಬೇಗ ಮುಗಿಯುತ್ತದೆ. ಎನ್ಸೆಲಡಸ್ ಮತ್ತು ಟೈಟನ್ ಬೇಡವೇ ಬೇಡ. ಬೇರೆ ಹಿಮದ ಚಂದ್ರಗಳಿಗೆ ಬಡಿದರೆ ಅಪಾಯ ಕಡಿಮೆ, ಆದರೆ ಬಡಿಯುವ ಮುಂಚಿನ ಕೆಲವು ಚಿತ್ರಗಳನ್ನು ಬಿಟ್ಟು ಲಾಭವೂ ಕಡಿಮೆ. ಉಂಗುರಗಳ ವಿಷಯದಲ್ಲಿ ಇನ್ನೊಂದು ತೊಡಕು. ದೂರದಿಂದ ಗಟ್ಟಿ ತಟ್ಟೆಯಂತೆ ಕಂಡರೂ ಅವು ಹಿಮದ ತುಂಡುಗಳ ತೆಳುವಾದ ಹರವು. ದಪ್ಪ ಹೆಚ್ಚಿನ ಕಡೆ ಹತ್ತಾರು ಮೀಟರ್, ಅಷ್ಟೇ. ಅಲ್ಲಿ ನೌಕೆ ಚೂರುಚೂರಾದರೆ ಆ ಚೂರುಗಳು ಎಲ್ಲಿ ಹೋಗಿ ಸೇರುತ್ತವೆ ಅಂತ ಯಾರೂ ಹಿಡಿದು ಹೇಳಲಾರರು.

ಶನಿಯೊಳಗೇ ಬೀಳುವ ದಾರಿ

ಶನಿಯಲ್ಲಿ ಕಾಲಿಡುವ ನೆಲ ಇಲ್ಲ. ಒಳಗೆ ಬಿದ್ದ ನೌಕೆ ಮೊದಲು ಒಡೆಯುತ್ತದೆ, ಆಮೇಲೆ ಕರಗುತ್ತದೆ, ಆಮೇಲೆ ಆವಿಯಾಗಿ ಗ್ರಹದ ಭಾಗವೇ ಆಗುತ್ತದೆ. ಸೂಕ್ಷ್ಮಜೀವಿ ಉಳಿಯುವ ಮಾತೇ ಇಲ್ಲ. ಮೊದಲ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇರೆ ಇಲ್ಲ.

ಇದರಲ್ಲೂ ಎರಡು ಬಗೆ. ಒಂದು, ತುಂಬ ದೊಡ್ಡ ಕಕ್ಷೆ ಹಿಡಿದು ದೂರ ಹೋಗಿ ಅಲ್ಲಿಂದ ನೇರ ಬಂದು ಬೀಳುವುದು. ಇನ್ನೊಂದು, ಚಿಕ್ಕ ಕಕ್ಷೆಗಳಲ್ಲಿ ಉಂಗುರ ಮತ್ತು ಗ್ರಹದ ನಡುವಿನ ಕಿಂಡಿಯಲ್ಲಿ ಮತ್ತೆ ಮತ್ತೆ ನುಗ್ಗಿ ಕೊನೆಗೆ ಬೀಳುವುದು. ಮೊದಲನೆಯದರಲ್ಲಿ ಗ್ರಹದ ಹತ್ತಿರ ಇರುವ ಹೊತ್ತು ಕಡಿಮೆ. ಎರಡನೆಯದರಲ್ಲಿ ಯಾವ ನೌಕೆಯೂ ಹೋಗಿರದ ಜಾಗಕ್ಕೆ 22 ಸಲ ಹೋಗಿಬರಬಹುದು. ತಂಡ ಎರಡನೆಯದನ್ನು ಆರಿಸಿತು. ಅದಕ್ಕೆ ಗ್ರ್ಯಾಂಡ್ ಫಿನಾಲೆ ಅಂತ ಹೆಸರಿಟ್ಟರು.

ಇಲ್ಲಿ ಮೂರನೆಯ ಪ್ರಶ್ನೆಗೆ ಸಿಗುವ ಉತ್ತರ ನೋಡಿ. 2017ರ ಏಪ್ರಿಲ್ 22ರಂದು ಕ್ಯಾಸಿನಿ ಕೊನೆಯ ಸಲ ಟೈಟನ್‌ಗೆ ತೀರಾ ಹತ್ತಿರ, ಸುಮಾರು 980 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಯಿತು. ಆ ಒಂದು ಎಳೆತಕ್ಕೆ ಅದರ ಕಕ್ಷೆ ಉಂಗುರಗಳ ಹೊರಗಿನಿಂದ ಒಳಗಿನ ಕಿಂಡಿಗೆ ಜಿಗಿಯಿತು. ಅಲ್ಲಿಂದ ಮುಂದೆ ನೌಕೆಯ ಜೊತೆ ಮಾತೇ ನಿಂತುಹೋಗಿದ್ದರೂ ಸೆಪ್ಟೆಂಬರ್‌ನಲ್ಲಿ ಅದು ಶನಿಗೆ ಬಿದ್ದೇ ಬೀಳುತ್ತಿತ್ತು. ಯಾರೂ ಗುಂಡಿ ಒತ್ತಬೇಕಾಗಿರಲಿಲ್ಲ. ಚಂದ್ರಗಳ ರಕ್ಷಣೆ ಆ ದಿನವೇ ಮುಗಿದ ಕೆಲಸ. ಆಮೇಲಿನ ಐದು ತಿಂಗಳಲ್ಲಿ ಸಿಕ್ಕಿದ್ದೆಲ್ಲ ಲಾಭ. ಬೇರೆ ಯಾವ ದಾರಿಯಲ್ಲೂ ಈ ನೆಮ್ಮದಿ ಜೊತೆಗೆ ಇಷ್ಟು ಹೊಸ ತಿಳಿವಳಿಕೆ ಸಿಗುತ್ತಿರಲಿಲ್ಲ.

ಕಿಂಡಿಯೊಳಗೆ ಸಿಕ್ಕಿದ್ದೇನು

ಇದಕ್ಕೂ ಮುಂಚೆ, 2016ರ ನವೆಂಬರ್ ಕೊನೆಯಿಂದ 20 ಸುತ್ತು ಮುಖ್ಯ ಉಂಗುರಗಳ ಹೊರ ಅಂಚಿಗೆ ತಾಗಿದಂತೆ ಹಾದವು. ಪ್ಯಾನ್, ಡ್ಯಾಫ್ನಿಸ್‌ನಂಥ ಪುಟ್ಟ ಚಂದ್ರಗಳ ಹತ್ತಿರದ ಚಿತ್ರಗಳು ಆಗ ಬಂದವು. ಪ್ಯಾನ್‌ನ ನಡುವಿಗೆ ಸುತ್ತಲೂ ತೆಳುವಾದ ಏಣು ಕಟ್ಟಿದೆ. ಅದನ್ನು ಅಷ್ಟು ಸ್ಪಷ್ಟವಾಗಿ ಕಂಡದ್ದು ಆಗಲೇ.

ಏಪ್ರಿಲ್ 26ರಂದು ಮೊದಲ ನುಗ್ಗು. ಕಿಂಡಿಯ ಅಗಲ ಸುಮಾರು 2,000 ಕಿಲೋಮೀಟರ್. ನೌಕೆಯ ವೇಗ ಗಂಟೆಗೆ ಸುಮಾರು 1,24,000 ಕಿಲೋಮೀಟರ್. ಆ ವೇಗದಲ್ಲಿ ಮರಳಿನ ಕಣದಷ್ಟು ಸಣ್ಣದು ತಾಗಿದರೂ ಉಪಕರಣ ಹಾಳಾಗಬಹುದು. ಅದಕ್ಕೆ ನಾಲ್ಕು ಮೀಟರ್ ಅಗಲದ ಆಂಟೆನಾವನ್ನೇ ಮುಂದಕ್ಕೆ ತಿರುಗಿಸಿ ಗುರಾಣಿ ಮಾಡಿದರು. ಆಂಟೆನಾ ಆ ಕಡೆ ತಿರುಗಿದರೆ ಭೂಮಿಯ ಜೊತೆ ಮಾತಿಲ್ಲ. ಸುಮಾರು 20 ಗಂಟೆ ನೌಕೆಯಿಂದ ಸದ್ದಿರಲಿಲ್ಲ. ಮರುದಿನ ಸಂಪರ್ಕ ಸಿಕ್ಕಾಗ ಬಂದ ಸುದ್ದಿ ಎಲ್ಲರಿಗೂ ಅಚ್ಚರಿ. ಕಿಂಡಿ ಬಹುಪಾಲು ಖಾಲಿ. ಧೂಳಿನ ಹೊಡೆತವನ್ನು ಸದ್ದಾಗಿ ಹಿಡಿಯುವ ಉಪಕರಣಕ್ಕೆ ಕೇಳಿಸಿದ್ದು ಬೆರಳೆಣಿಕೆಯಷ್ಟು, ಅವೂ ಹೊಗೆಯ ಕಣದಷ್ಟು ಸಣ್ಣವು. ಜಾಗ ಸ್ವಚ್ಛ ಇದ್ದದ್ದರಿಂದ ಮುಂದಿನ ಹಲವು ಸುತ್ತುಗಳಲ್ಲಿ ಗುರಾಣಿ ಬೇಕಾಗಲಿಲ್ಲ. ಉಪಕರಣಗಳು ತಮಗೆ ಬೇಕಾದ ಕಡೆ ತಿರುಗಬಹುದಿತ್ತು.

ಇದರಿಂದ ಸಾಧ್ಯವಾದ ದೊಡ್ಡ ಕೆಲಸ ಉಂಗುರಗಳ ತೂಕ. ಹೊರಗಿನಿಂದ ನೋಡಿದಷ್ಟು ದಿನ ಶನಿ ಮತ್ತು ಉಂಗುರ ಎರಡರ ಎಳೆತವೂ ಒಂದೇ ಕಡೆಯಿಂದ ಬರುತ್ತಿತ್ತು. ಮೂಟೆ ಹೊತ್ತವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದ ಹಾಗೆ. ಒಟ್ಟು ಎಷ್ಟು ಅಂತ ಗೊತ್ತಾಗುತ್ತದೆ, ಮೂಟೆಯ ಪಾಲು ಎಷ್ಟು ಅಂತ ಗೊತ್ತಾಗುವುದಿಲ್ಲ. ಕಿಂಡಿಯೊಳಗೆ ಹೋದರೆ ಶನಿ ಒಂದು ಕಡೆಗೆ ಎಳೆಯುತ್ತದೆ, ಉಂಗುರ ಇನ್ನೊಂದು ಕಡೆಗೆ. ಕೆಲವು ಸುತ್ತುಗಳಲ್ಲಿ ಆಂಟೆನಾವನ್ನು ಭೂಮಿಯತ್ತ ಇಟ್ಟು, ರೇಡಿಯೋ ಅಲೆಯಲ್ಲಿ ಆಗುವ ಕೂದಲೆಳೆಯ ವ್ಯತ್ಯಾಸದಿಂದ ನೌಕೆಯ ವೇಗ ಎಷ್ಟು ಬದಲಾಯಿತು ಅಂತ ಅಳೆದರು. ಉಂಗುರಗಳೆಲ್ಲ ಸೇರಿದರೂ ಮಿಮಾಸ್ ಎಂಬ ಚಿಕ್ಕ ಚಂದ್ರನ ಸುಮಾರು ಶೇಕಡಾ 40ರಷ್ಟೇ ಅಂತ ಗೊತ್ತಾಯಿತು. ತೂಕ ಇಷ್ಟು ಕಡಿಮೆ ಇದ್ದೂ ಹಿಮ ಇನ್ನೂ ಇಷ್ಟು ಬೆಳ್ಳಗಿದೆ ಅಂದರೆ ಉಂಗುರಗಳು ಶನಿಯಷ್ಟು ಹಳೆಯವಲ್ಲ, ಹತ್ತರಿಂದ ನೂರು ದಶಲಕ್ಷ ವರ್ಷದ ಹಿಂದಿನವು ಅಂತ ಕೆಲವು ವಿಜ್ಞಾನಿಗಳು ಹೇಳುತ್ತಾರೆ. ಒಪ್ಪದವರೂ ಇದ್ದಾರೆ. ಆ ವಾದ ಮುಗಿದಿಲ್ಲ. ಆದರೆ ವಾದ ಮಾಡಲು ಈಗ ಕೈಯಲ್ಲೊಂದು ಅಳತೆ ಇದೆ.

ಅದೇ ಅಳತೆಗಳಿಂದ ಶನಿಯ ಗಾಳಿಯ ಪಟ್ಟಿಗಳು ಸುಮಾರು 9,000 ಕಿಲೋಮೀಟರ್ ಆಳದವರೆಗೂ ಇಳಿದಿವೆ ಅಂತಲೂ ತಿಳಿಯಿತು. ಕಾಂತಕ್ಷೇತ್ರದ್ದು ಇನ್ನೂ ವಿಚಿತ್ರ. ಗ್ರಹ ತಿರುಗುವ ಅಕ್ಷಕ್ಕೂ ಕಾಂತದ ಅಕ್ಷಕ್ಕೂ ಓರೆ ಇರಲೇಬೇಕು ಅನ್ನುವುದು ಹಳೆಯ ತಿಳಿವಳಿಕೆ. ಶನಿಯಲ್ಲಿ ಆ ಓರೆ ಒಂದು ಡಿಗ್ರಿಯ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಯಾಕೆ ಅಂತ ವಿವರಿಸುವುದು ಇನ್ನೂ ಬಾಕಿ ಇರುವ ಕೆಲಸ. ಉಂಗುರದಿಂದ ಶನಿಯ ಮೇಲೆ ನೀರು, ಮೀಥೇನ್, ಅಮೋನಿಯ ಮತ್ತು ಇಂಗಾಲದ ಬೇರೆ ಸಂಯುಕ್ತಗಳು ಸುರಿಯುತ್ತಿರುವುದನ್ನು ನೌಕೆ ನೇರವಾಗಿ ಹಿಡಿದು ನೋಡಿತು. ಸೆಕೆಂಡಿಗೆ ಸಾವಿರಾರು ಕಿಲೋ ಲೆಕ್ಕದಲ್ಲಿ! ಅಷ್ಟು ಇರುತ್ತದೆ ಅಂತ ಯಾರೂ ಎಣಿಸಿರಲಿಲ್ಲ.

ಕೊನೆಯ ಐದು ಸುತ್ತುಗಳು ಶನಿಯ ಮೇಲ್ವಾಯುವನ್ನೇ ಸವರಿಕೊಂಡು ಹೋದವು. ಅಲ್ಲಿಯ ಗಾಳಿ ಅಂದಾಜಿಗಿಂತ ದಟ್ಟವಾಗಿದ್ದರೆ ಮೇಲಕ್ಕೆ ಏರಲು, ತೆಳುವಾಗಿದ್ದರೆ ಇನ್ನಷ್ಟು ಕೆಳಗೆ ಇಳಿಯಲು ಯೋಜನೆ ಸಿದ್ಧವಿತ್ತು. ಉಳಿದಿದ್ದ ಚೂರು ಇಂಧನ ಇಂಥ ಸಣ್ಣ ತಿದ್ದುಪಡಿಗಳಿಗೆ ಸಾಕು. ಯುರೇನಸ್‌ನಂಥ ದೂರದ ಪಯಣವನ್ನು ಅದರ ಮೇಲೆ ನಂಬಿ ಹೊರಡುವುದು ಬೇರೆ ಮಾತು.

ಸೆಪ್ಟೆಂಬರ್ 15ರಂದು ಕೊನೆಯ ಇಳಿತ. ಅವತ್ತು ಕ್ಯಾಮೆರಾ ಕೆಲಸ ಮಾಡಲಿಲ್ಲ. ಚಿತ್ರಗಳನ್ನು ಕಳಿಸಲು ಸಮಯ ಹಿಡಿಯುತ್ತದೆ. ಅಲ್ಲಿ ಉಳಿದಿದ್ದು ಕ್ಷಣಗಳು ಮಾತ್ರ. ಹಾಗಾಗಿ ಚಿತ್ರ ಬೇಡ, ಗಾಳಿಯಲ್ಲಿ ಏನಿದೆ ಅಂತ ಮೂಸಿ ನೋಡಿದ್ದನ್ನು ಆಗಿಂದಾಗಲೇ ಕಳಿಸೋಣ ಅಂತ ತೀರ್ಮಾನಿಸಿದರು. ಗಾಳಿಯ ಒತ್ತಡಕ್ಕೆ ನೌಕೆ ವಾಲತೊಡಗಿತು. ಆಂಟೆನಾವನ್ನು ಭೂಮಿಯತ್ತ ಹಿಡಿದಿಡಲು ಪುಟ್ಟ ಥ್ರಸ್ಟರ್‌ಗಳು ದುಡಿದವು. ಮೊದಲು ಹತ್ತರಲ್ಲಿ ಒಂದು ಪಾಲು ಶಕ್ತಿ. ಒಂದು ನಿಮಿಷದೊಳಗೆ ಪೂರ್ತಿ ಶಕ್ತಿ. ಅದೂ ಸಾಲದೆ ಹೋದಾಗ ಆಂಟೆನಾ ಪಕ್ಕಕ್ಕೆ ತಿರುಗಿತು, ಸಂಕೇತ ನಿಂತಿತು. ಆಗ ನೌಕೆ ಮೋಡಗಳಿಗಿಂತ ಸುಮಾರು 1,500 ಕಿಲೋಮೀಟರ್ ಮೇಲಿತ್ತು. ಆ ಕೊನೆಯ ಸಂಕೇತ 83 ನಿಮಿಷ ಪ್ರಯಾಣ ಮಾಡಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ಆಂಟೆನಾ ತಲುಪಿತು.

ಈ ದಾರಿಯಲ್ಲಿ ಕಳೆದುಕೊಂಡದ್ದು

ಅದನ್ನೂ ಹೇಳಬೇಕು. ಶನಿಯ ಒಂದು ವರ್ಷ ಅಂದರೆ ನಮ್ಮ 29 ವರ್ಷ. ಕ್ಯಾಸಿನಿ ಕಂಡದ್ದು ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಉತ್ತರ ಭಾಗದ ಚಳಿಗಾಲದಲ್ಲಿ ಬಂದು ಬೇಸಿಗೆ ಶುರುವಾಗುವ ಹೊತ್ತಿಗೆ ಮುಗಿಯಿತು. ಉಳಿದ ಋತುಗಳಲ್ಲಿ ಟೈಟನ್‌ನ ಮೀಥೇನ್ ಸರೋವರಗಳು ಹೇಗೆ ಬದಲಾಗುತ್ತವೆ ಅಂತ ಹತ್ತಿರದಿಂದ ನೋಡುವವರು ಅಲ್ಲಿ ಇಲ್ಲ. ಶನಿಯ ಸುತ್ತ ಆಮೇಲೆ ಯಾವ ನೌಕೆಯೂ ನಿಂತಿಲ್ಲ. ಇದು ನಿಜವಾದ ನಷ್ಟ. ಆದರೆ ನೌಕೆಯನ್ನು ದೂರದ ಕಕ್ಷೆಯಲ್ಲಿ ನಿಲ್ಲಿಸಿದ್ದರೂ ಈ ನಷ್ಟ ತುಂಬುತ್ತಿರಲಿಲ್ಲ. ಹತ್ತಿರ ಹೋಗಿ ನೋಡಲು ಬೇಕಾದ ಇಂಧನವೇ ಅದರಲ್ಲಿ ಇರಲಿಲ್ಲ.

ಬೇರೆ ನೌಕೆಗಳಿಗೆ ಇದೇ ಮೂರು ಪ್ರಶ್ನೆ

ಉತ್ತರ ಎಲ್ಲ ಕಡೆ ಒಂದೇ ಬರುವುದಿಲ್ಲ. ಗೆಲಿಲಿಯೋ ನೌಕೆಯನ್ನು 2003ರ ಸೆಪ್ಟೆಂಬರ್ 21ರಂದು ಗುರುಗ್ರಹದೊಳಗೆ ಬೀಳಿಸಿದರು. ಅಲ್ಲಿ ಕಾಪಾಡಬೇಕಾಗಿದ್ದದ್ದು ಯುರೋಪಾ ಎಂಬ ಚಂದ್ರನ ಸಾಗರ. ಕ್ಯಾಸಿನಿಗೆ ಅದೇ ಮಾದರಿ.

ಬುಧನ ಸುತ್ತ ಇದ್ದ ಮೆಸೆಂಜರ್‌ಗೆ ಅಂಥ ಚಿಂತೆ ಇರಲಿಲ್ಲ. ಅಷ್ಟು ಸುಡುವ ನೆಲದಲ್ಲಿ ಕೆಡಿಸಲು ಏನೂ ಇಲ್ಲ. ಹಾಗಾಗಿ ಕೊನೆಯ ಹನಿಯವರೆಗೂ ಇಂಧನ ಬಳಸಿ, ಕೆಳಗೆ ಕೆಳಗೆ ಹಾರಿಸಿ ಅಳತೆ ತೆಗೆದರು. 2015ರ ಏಪ್ರಿಲ್ 30ರಂದು ಅದು ನೆಲಕ್ಕೆ ಬಡಿಯಿತು. ಅಲ್ಲಿ ಆ ದಾರಿಯೇ ಸರಿ. ರೊಸೆಟ್ಟಾವನ್ನು 2016ರ ಸೆಪ್ಟೆಂಬರ್ 30ರಂದು ತಾನು ಸುತ್ತುತ್ತಿದ್ದ ಧೂಮಕೇತುವಿನ ಮೇಲೆ ನಿಧಾನವಾಗಿ ಇಳಿಸಿದರು. ಧೂಮಕೇತು ಸೂರ್ಯನಿಂದ ದೂರ ಹೋಗುತ್ತಿತ್ತು, ಸೌರಫಲಕಗಳಿಗೆ ಬಿಸಿಲು ಸಾಲುತ್ತಿರಲಿಲ್ಲ. ಹೇಗೂ ಮುಗಿಯುವುದು ಖಚಿತ ಅಂದಮೇಲೆ ಇಳಿಯುತ್ತಾ ಹತ್ತಿರದ ಚಿತ್ರ ತೆಗೆಯುವುದೇ ಲಾಭ.

ಈಗ ಗುರುವಿನ ಕಡೆ ಹೊರಟಿರುವ ಯುರೋಪಿನ ಜ್ಯೂಸ್ ನೌಕೆ ಕೊನೆಗೆ ಗ್ಯಾನಿಮೀಡ್ ಎಂಬ ಚಂದ್ರನ ಸುತ್ತ ನಿಂತು, ಅದರ ಮೇಲೆಯೇ ಬೀಳುವ ಯೋಜನೆ ಇದೆ. ಎನ್ಸೆಲಡಸ್‌ಗೆ ಬೇಡ ಅಂದವರು ಗ್ಯಾನಿಮೀಡ್‌ಗೆ ಹೇಗೆ ಒಪ್ಪಿದರು? ಗ್ಯಾನಿಮೀಡ್‌ಗೂ ಸಾಗರ ಇದೆ. ಆದರೆ ಅದು ತುಂಬ ದಪ್ಪದ ಹಿಮದ ಅಡಿಯಲ್ಲಿದೆ, ಮೇಲೆ ಬಿದ್ದದ್ದು ಕೆಳಗಿನ ನೀರು ಮುಟ್ಟುವ ದಾರಿ ತೀರಾ ಕಡಿಮೆ. ಎನ್ಸೆಲಡಸ್‌ನ ದಕ್ಷಿಣ ತುದಿಯಲ್ಲಿ ಬಿರುಕುಗಳು ಬಾಯಿ ತೆರೆದು ನೀರನ್ನೇ ಹೊರಗೆ ಚಿಮ್ಮಿಸುತ್ತಿವೆ. ಒಂದು ವೇಳೆ ಜ್ಯೂಸ್ ಹೋಗಿ ನೋಡಿದಾಗ ಗ್ಯಾನಿಮೀಡ್‌ನಲ್ಲೂ ನೀರು ಮೇಲಕ್ಕೆ ಬರುವ ಗುರುತು ಸಿಕ್ಕರೆ, ಅದರ ಕೊನೆಯ ದಾರಿಯನ್ನೂ ಮತ್ತೆ ಕೂತು ಆರಿಸಬೇಕಾಗುತ್ತದೆ.